ಗುಳಿಮಗ್ಗಕ್ಕೆ ಬಂದ ಈಜಿಪ್ಟಿನ ರಾಜ

ನಡೆದದ್ದಕ್ಕೆಲ್ಲ ಮೂಲ ನಮ್ಮ ಮನೆಯ ಗೋಡೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ನನ್ನ ಕಡೆ ಬೆರಳು ತೋರಿಸಬಾರದು.

ಸೇಲಂನಲ್ಲಿ ವರ್ಷಕ್ಕೊಮ್ಮೆ ನಡೆಯುವ ವಸ್ತುಪ್ರದರ್ಶನಕ್ಕೆ ದೊಡ್ಡ ಅಪ್ಪಳ ತಿನ್ನಲು ಹೋಗಿದ್ದ ನನ್ನ ಹೆಂಡತಿ ರಮಾ ಈಜಿಪ್ಟಿನ ರಾಜನೊಬ್ಬನನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಎರಡಡಿಯ ಫ್ರೇಮು, ಒಳಗೆ ಚಿನ್ನದ ಬಣ್ಣದ ಮುಖ, ನೀಲಿ ಪಟ್ಟೆಯ ತಲೆವಸ್ತ್ರ, ಗಲ್ಲಕ್ಕೆ ಕಟ್ಟಿದಂಥ ಗಡ್ಡ. ಎಲ್ಲೋ ಯಂತ್ರದಲ್ಲಿ ಅಚ್ಚು ಹಾಕಿದ ನಕಲು. ಆದರೂ ಮೊಳೆ ಹೊಡೆದು ತೂಗುಹಾಕಿದ ಮೇಲೆ ನನ್ನ ಮನೆಯಲ್ಲಿ ನಾನೇ ಸ್ವಲ್ಪ ಬಗ್ಗಿ ನಡೆಯುವಂತಾಯಿತು. ನಾನು ಬೆಂಗಳೂರಿನ ಸೀರೆ ಅಂಗಡಿಯೊಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದವನು. ಸೇಲಂ ಕಡೆಯ ನಮ್ಮ ಈ ನೇಕಾರರ ಬೀದಿಯಲ್ಲಿ ಕನ್ನಡ ಆಡುವವರು ಮನೆಗೊಬ್ಬರಿದ್ದರೂ ಓದಿ ಬರೆಯುವವನು ನಾನೊಬ್ಬನೇ ಆದ್ದರಿಂದ ಈ ಚರಿತ್ರೆ ದಾಖಲಿಸುವ ಭಾರ ನನ್ನ ತಲೆಗೇ ಬಿದ್ದಿದೆ.

ಮಾರನೇ ದಿನವೇ ಎದುರುಮನೆಯ ಪೂಂಗೊಡಿ ಅಕ್ಕ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದರು.

"ಯಾರು ರಮಾ ಇವ್ರು? ನಿಮ್ ಮಾವನ್ ಕಡೇರಾ?"

"ಈಜಿಪ್ಟ್ ರಾಜ ಅಕ್ಕಾ. ಇಂಥದೊಂದು ಇದ್ರೆ ಆಲ್‌ಗೆ ಒಂದು ಲುಕ್ಕು ಬರ್ತೈತೆ."

ಅಕ್ಕ ರಾಜನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. "ನಮ್ ಆಲ್‌ಗೆ ಎಲ್ಲಿಂದ ಲುಕ್ಕು ಬಂದಾತು? ಇರೋದೆಲ್ಲ ಗುಂಡೀನೇ," ಎಂದು ಹೆಪ್ಪನ್ನೂ ಮರೆತು ಹೊರಟುಹೋದರು.

ಗುಂಡಿ ಎಂದರೆ ಮಗ್ಗದ ಗುಳಿ. ಅವರ ಗಂಡ ಚಿನ್ನರಾಜಣ್ಣ ರೇಷ್ಮೆ ನೇಯುವವರು. ಅವರ ಮನೆಯ ಆಲ್ ಅನ್ನು, ಅಂದರೆ ಮುಂದಿನ ಕೋಣೆಯನ್ನೆಲ್ಲ, ಅವರಪ್ಪನ ಕಾಲದ ಗುಳಿಮಗ್ಗ ಆಕ್ರಮಿಸಿದೆ. ನೆಲದಲ್ಲಿ ತೊಡೆಯ ಆಳ ತೋಡಿದ ಗುಳಿ, ಅದರೊಳಗೆ ಕಾಲು ಇಳಿಬಿಟ್ಟು ನೇಕಾರ ಅಂಚಿನ ಮೇಲೆ ಕೂರಬೇಕು. ತಲೆಯ ಮೇಲೆ ಚಿತ್ರಕ್ಕೆ ಬೇಕಾದ ಎಳೆ ಎತ್ತುವ ಜಕಾರ್ಡ್ ಪೆಟ್ಟಿಗೆ, ಅದರಿಂದ ಮಳೆಯಂತೆ ಇಳಿದ ನೂರಾರು ದಾರ. ಮೂವತ್ತೆರಡು ವರ್ಷ ಪೂಂಗೊಡಿ ಅಕ್ಕ ಬಂದ ನೆಂಟರನ್ನೆಲ್ಲ ಆ ಗುಳಿಯ ಪಕ್ಕ ಗೋಡೆಗೆ ಒತ್ತಿ ಕೂರಿಸಿ ಕಾಫಿ ಕೊಟ್ಟಿದ್ದಾರೆ. ಒಮ್ಮೆ ಬೀಗರೊಬ್ಬರು ಲೋಟ ಇಡಲು ಬಗ್ಗಿ ಒಳಕ್ಕೇ ಹೋಗಿದ್ದರು.

ಮೂರು ವರ್ಷದಿಂದ ಆ ಮಗ್ಗಕ್ಕೆ ಕೆಲಸವಿರಲಿಲ್ಲ. ಅರ್ಧ ಸೀರೆಗಾಗುವಷ್ಟು ಅರಿಸಿನ ಬಣ್ಣದ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಅದರ ಮೇಲೆ ಹಾಗೇ ಧೂಳು ಹಿಡಿದಿತ್ತು. ಅಕ್ಕ ತೀರ್ಮಾನ ಮಾಡಿಬಿಟ್ಟರು. ಆಡಿ, ಅಂದರೆ ಆಷಾಢದ ತಿಂಗಳಲ್ಲಿ ಹೊಸ ಕೆಲಸ ಶುರು ಮಾಡಬಾರದು. ಅದು ಕಳೆದು ಬರುವ ಆವಣಿ ಒಂದನೇ ತಾರೀಕು ಮೇಸ್ತ್ರಿ ಗೋವಿಂದರಾಜು ಬಂದು ಮಗ್ಗ ಕಳಚಿ, ಗುಳಿ ಮುಚ್ಚಿ, ಟೈಲ್ಸ್ ಹಾಕುವುದು. ಮೇಲೆ ಸೋಫಾ, ಗೋಡೆಗೆ ನಮ್ಮದಕ್ಕಿಂತ ದೊಡ್ಡ ರಾಜ. ಧರ್ಮಪುರಿಗೆ ಮದುವೆಯಾಗಿ ಹೋದ ಮಗಳು ಸತ್ಯಾಳಿಗೂ ಫೋನಿನಲ್ಲಿ ಇದೆಲ್ಲ ಒಪ್ಪಿಸಿದರು.

ಚಿನ್ನರಾಜಣ್ಣ ಜಗಳವಾಡುವ ಜಾತಿಯವರಲ್ಲ. ಶರ್ಟು ಹಾಕಿಕೊಂಡು ಸೀದಾ ನೇಕಾರರ ಸೊಸೈಟಿಗೆ ಹೋದರು. ಕೈಯಲ್ಲಿ ಒಂದು ಆರ್ಡರು ಇದ್ದರೆ ಮಗ್ಗಕ್ಕೆ ಯಾರೂ ಕೈ ಹಚ್ಚುವಂತಿಲ್ಲ ಎಂಬುದು ಅವರ ಲೆಕ್ಕ. ಸೊಸೈಟಿಯ ಸೆಕ್ರೆಟರಿ ಸುಬ್ಬರಾಯನ್ ಅವರಿಗೆ ಹುಟ್ಟಿನಿಂದ ಎರಡು ಮಾತು ಬಾರದು: ಒಂದು 'ಇಲ್ಲ', ಇನ್ನೊಂದು 'ಗೊತ್ತಿಲ್ಲ'.

"ಸಾರ್, ಒಂದೇ ಒಂದು ಆರ್ಡರು."

"ಅದಕ್ಕೇನ್ ಚಿನ್ನರಾಜು. ಕಂಡಿಪ್ಪಾ! ಗ್ರಾಫ್ ಕಳಿಸ್ತೀನಿ ಓಗು."

ಕಂಡಿಪ್ಪಾ ಎಂದರೆ ಖಂಡಿತ; ಗ್ರಾಫ್ ಎಂದರೆ ಚೌಕದ ಕಾಗದದ ಮೇಲೆ ಬರೆದ ಸೀರೆಯ ಚಿತ್ರ. ನೇಕಾರ ಆ ಚೌಕ ಎಣಿಸಿ, ರಟ್ಟಿನ ಕಾರ್ಡಿಗೆ ತೂತು ಹೊಡೆದು ಜಕಾರ್ಡಿಗೆ ಕೊಡುತ್ತಾನೆ. ಸುಬ್ಬರಾಯನ್ ಮೂರು ವರ್ಷದಿಂದ ಬೀದಿಯಲ್ಲಿ ಎದುರಾದ ಪ್ರತಿಯೊಬ್ಬ ನೇಕಾರನಿಗೂ ಇದೇ ಮಾತು ಹೇಳುತ್ತಿದ್ದರು. ಎಲ್ಲರಿಗೂ ಅದು ನಮಸ್ಕಾರದ ಹಾಗೆ ಕೇಳಿಸುತ್ತಿತ್ತು. ನಂಬಿದವರು ಚಿನ್ನರಾಜಣ್ಣ ಒಬ್ಬರೇ.

ಆಡಿ ಹುಟ್ಟಿದ ಮೂರನೇ ದಿನ ಪೂಂಗೊಡಿ ಅಕ್ಕನ ತಾಯಿ ತಮ್ಮೂರು ಪಾಪಿರೆಡ್ಡಿಪಟ್ಟಿಯಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡರು. ಅಕ್ಕ ಆರೈಕೆಗೆಂದು ಹೊರಟರು. ಬಸ್ಸು ಹತ್ತುವಾಗಲೂ ಅವರು ಗಂಡನಿಗೆ ಹೇಳಿದ ಮಾತು ಒಂದೇ: "ಆವಣಿ ಒಂದನೇ ತಾರೀಕು. ಮರೀಬೇಡಿ."

ಅದಾದ ನಾಲ್ಕೇ ದಿನಕ್ಕೆ ಉದ್ದನೆಯ ರಟ್ಟಿನ ಕೊಳವೆಯೊಂದು ಬಂತು. ತಂದವನು ಪ್ರೇಮ್‌ಕುಮಾರ್. ಐವತ್ತರ ಹತ್ತಿರದವನು, ಒಂದು ಕಾಲಕ್ಕೆ ನಮ್ಮ ಬೀದಿಯಲ್ಲೇ ಮಗ್ಗ ಆಡಿಸಿದವನು, ಈಗ ಬೆನ್ನಿಗೆ ಮೂಟೆ ಕಟ್ಟಿಕೊಂಡು ಸ್ಕೂಟರಿನಲ್ಲಿ ಮನೆಮನೆಗೆ ಪಾರ್ಸೆಲ್ ಕೊಡುತ್ತಾನೆ. ಕೊಳವೆಯ ಮೇಲೆ ಚಿನ್ನರಾಜ್ ಎಂದೇ ಇತ್ತು. ಅಣ್ಣ ಸಹಿ ಹಾಕಿ ಒಳಗೆ ಹೋಗಿ ಬಿಚ್ಚಿದರು.

ಅದು ಸತ್ಯಾ ತನ್ನ ಅಮ್ಮನಿಗೆ ಗುಟ್ಟಾಗಿ ತರಿಸಿದ ಉಡುಗೊರೆ. ನಾಲ್ಕಡಿ ಎತ್ತರದ ಈಜಿಪ್ಟಿನ ರಾಜ ಮತ್ತು ರಾಣಿ. ಆ ಕಾಲದ ಚಿತ್ರಗಾರರು ಗೋಡೆಗೆ ಮೊದಲು ಕೆಂಪು ಗೆರೆಯ ಚೌಕ ಹಾಕಿಕೊಂಡು ಆಮೇಲೆ ಆಕಾರ ಬರೆಯುತ್ತಿದ್ದರಂತೆ. ಈ ನಕಲು ಮಾಡಿದವರು ಆ ಚೌಕಗಳನ್ನೂ ಬಿಡದೆ ಮುದ್ರಿಸಿದ್ದರು. ಮೊಬೈಲಿನ ಉಗುರಗಲದ ಫೋಟೋದಲ್ಲಿ ಸತ್ಯಾಳಿಗೆ ಆ ಗೆರೆಗಳು ಕಂಡಿರಲಿಲ್ಲ. ಅವರಪ್ಪನಿಗೆ ಕಂಡದ್ದು ಬರೀ ಆ ಗೆರೆಗಳೇ.

"ಗ್ರಾಫು!" ಎಂದು ಅಣ್ಣ ಕೂಗಿದ್ದು ನಮ್ಮ ಮನೆಗೆ ಕೇಳಿಸಿತು. ಯಾರಿಗೋ ಫೋನಿನಲ್ಲಿ ಬೈಯುತ್ತಿದ್ದಾರೆ ಎಂದುಕೊಂಡು ನಾನು ಸುಮ್ಮನಿದ್ದೆ.

ಒಂದು ವಾರ ಅವರ ಮನೆಯ ಬಾಗಿಲು ಅರ್ಧ ಮುಚ್ಚಿಯೇ ಇತ್ತು. ಒಳಗಿಂದ ಕಾರ್ಡಿಗೆ ತೂತು ಹೊಡೆಯುವ ಸುತ್ತಿಗೆಯ ಸದ್ದು ಬರುತ್ತಿತ್ತು. ಮೇಸ್ತ್ರಿಗಿಂತ ಮೊದಲು ಅಣ್ಣನೇ ಮಗ್ಗ ಕಳಚುತ್ತಿದ್ದಾರೆ ಎಂದು ರಮಾ ಕಣ್ಣೊರೆಸಿಕೊಂಡಳು. ಆ ಮನೆಯ ಗುಳಿ ಮುಚ್ಚಲು ಕಾರಣಳಾದವಳೇ ಅವಳು ಎಂಬುದು ಅವಳಿಗೆ ಆಗ ನೆನಪಿಗೆ ಬರಲಿಲ್ಲ.

ಎಂಟನೇ ದಿನ ಬೆಳಗ್ಗೆ ನಾನು ಪೇಪರು ಓದುತ್ತಿದ್ದೆ. ಟಕ್ಕಟಕ್ಕ, ಟಕ್ಕಟಕ್ಕ. ಕೈಯಲ್ಲಿದ್ದ ಪೇಪರು ತಾನಾಗಿ ಕೆಳಗಿಳಿಯಿತು.

ಈ ಸದ್ದಿನ ವಿಷಯ ಹೊರಗಿನವರಿಗೆ ಹೇಗೆ ಹೇಳಲಿ? ನಾವು ಚಿಕ್ಕವರಾಗಿದ್ದಾಗ ಬೀದಿಯಲ್ಲಿ ಅರವತ್ತು ಮಗ್ಗ ಆಡುತ್ತಿದ್ದವು. ಆ ಸದ್ದಿನಲ್ಲೇ ಮಗ್ಗಿ ಬಾಯಿಪಾಠ ಮಾಡಿದ್ದು, ಅದು ನಿಂತಿತೆಂದರೆ ಊಟದ ಹೊತ್ತು ಎಂದು ಓಡಿ ಬಂದದ್ದು. ನೆಂಟರ ಮನೆಗೆ ಹೋದರೆ ಆ ಸದ್ದಿಲ್ಲದೆ ನಿದ್ದೆ ಬಾರದೆ ಅತ್ತದ್ದೂ ಉಂಟು. ಆಮೇಲೆ ಒಂದೊಂದಾಗಿ ನಿಂತವು. ಯಾವ ಮಗ್ಗ ಯಾವ ದಿನ ನಿಂತಿತೆಂದು ಯಾರೂ ಗಮನಿಸಲಿಲ್ಲ. ಒಂದು ದಿನ ಬೀದಿಯಲ್ಲಿ ಟೀವಿಯ ಸದ್ದು ಮಾತ್ರ ಉಳಿದಿತ್ತು.

ನಾನು ಹೊರಗೆ ಬಂದರೆ ಅರ್ಧ ಬೀದಿಯೇ ಬಾಗಿಲಲ್ಲಿ ನಿಂತಿತ್ತು. ಮೂರನೇ ಮನೆಯ ಮುನಿವೆಂಕಟಮ್ಮಜ್ಜಿಗೆ ಕಿವಿ ಕೇಳುವುದಿಲ್ಲ. ಎಲ್ಲರೂ ಯಾಕೆ ಬಾಯಿ ತೆರೆದು ನಿಂತಿದ್ದಾರೆಂದು ತಿಳಿಯದೆ ಅಂಗಳದ ಕಲ್ಲಿನ ಮೇಲೆ ಕೈ ಇಟ್ಟು ನೋಡಿ, "ಯಾರೋ ನೇಯ್ತಾ ಅವ್ರೆ ಕಣ್ರೋ," ಎಂದಳು.

ಚಿನ್ನರಾಜಣ್ಣನ ಮಗ್ಗದ ಮುಂದಿನ ಗೋಡೆಗೆ ಆ ಚಿತ್ರ ಪಿನ್ನು ಹೊಡೆದು ನಿಂತಿತ್ತು. ಮೊದಲೇ ಇದ್ದ ಕೆಂಪು ಚೌಕಗಳ ಒಳಗೆ ಅಣ್ಣ ಪೆನ್ಸಿಲಿನಲ್ಲಿ ಸಣ್ಣ ಚೌಕ ಹಾಕಿ, ಎಲ್ಲದಕ್ಕೂ ನಂಬರು ಬರೆದಿದ್ದರು. ರಾಜನ ಮೂಗಿನ ಮೇಲೆ ನೂರ ಹನ್ನೆರಡು ಎಂದಿತ್ತು. ನನಗೆ ನೋಡಿದ ಕೂಡಲೇ ಗೊತ್ತಾಗಿಹೋಯಿತು. ಮನೆಯಲ್ಲೊಬ್ಬನನ್ನು ದಿನಾ ನೋಡುವವನಿಗೆ ಅವನ ವಂಶದವರ ಗುರುತು ಸಿಗದೆ ಇರುತ್ತದೆಯೇ?

"ನೋಡು ಶೇಖರಾ," ಅಣ್ಣ ಲಾಳಿ ನಿಲ್ಲಿಸದೆಯೇ ಹೇಳಿದರು. "ಸುಬ್ಬರಾಯನ್ ಸಾರು ಮಾತು ಉಳಿಸ್ಕೊಂಡ್ರು. ಎಂಥಾ ಡಿಸೈನು ಗೊತ್ತಾ? ನೇಕಾರ ಗಂಡ ಎಂಡ್ತೀದು!"

"ನೇಕಾರರಾ?"

"ಮತ್ತೆ? ಅಂಚಿನ ಮೇಲೆ ಕೂತವ್ನೆ, ಕಾಲ್ ಕೆಳಗೆ ತುಳಿಯೋ ಅಲಗೆ. ತಲೆ ಮೇಲೆ ನೋಡು, ಜಕಾರ್ಡ್ ಪೆಟ್ಗೆ."

ಅದು ರಾಜನ ಕಿರೀಟ. ಕಾಲಿನ ಕೆಳಗಿದ್ದದ್ದು ಸಿಂಹಾಸನದ ಪಾದಪೀಠ.

"ಮೇಲಿಂದ ದಾರ ಎಂಗೆ ಇಳ್ದೈತೆ ನೋಡು."

ಅವು ಸೂರ್ಯನ ಕಿರಣಗಳು.

"ಎಂಡ್ತಿ ನಿಂತ್ಕೊಂಡು ಕಂಡಿಕೆ ಕೊಡ್ತಾ ಅವ್ಳೆ."

ಕಂಡಿಕೆ ಎಂದರೆ ಲಾಳಿಯೊಳಗೆ ಹಾಕುವ, ನೂಲು ಸುತ್ತಿದ ಸಣ್ಣ ಕೊಳವೆ. ರಾಣಿಯ ಕೈಯಲ್ಲಿದ್ದದ್ದು ಸುಗಂಧದ ಸಣ್ಣ ಭರಣಿ. ಆದರೆ ಮೂವತ್ತೆರಡು ವರ್ಷ ಹೆಂಡತಿಯ ಕೈಯಿಂದ ಕಂಡಿಕೆ ಈಸಿಕೊಂಡವನಿಗೆ, ಚಾಚಿದ ಹೆಣ್ಣುಕೈಯಲ್ಲಿ ಬೇರೆ ಏನು ಕಂಡೀತು?

"ಅಣ್ಣಾ..." ಎಂದು ನಾನು ಬಾಯಿ ತೆರೆದೆ.

"ಇವನ್ಯಾರೋ ಬರ್ದೋನು ಗಟ್ಟಿಗ ಕಣಲಾ. ನಿಂತಿರೋ ಎಂಗ್ಸು ಕಾಲಿಂದ ಅಣೆವರ್ಗೂ ಕರೆಕ್ಟಾಗಿ ಅದ್ನೆಂಟು ಚೌಕ. ಒಂದೆಳೆ ಎಚ್ಚಿಲ್ಲ, ಒಂದೆಳೆ ಕಮ್ಮಿ ಇಲ್ಲ. ನಮ್ಮಪ್ಪ ಇದ್ದಿದ್ರೆ ಅವ್ನ ಕೈ ಮುಟ್ಟಿ ನೋಡೋನು."

ಅವರ ಮುಖ ನೋಡಿದೆ. ಮೂರು ವರ್ಷದಿಂದ ಆ ಮುಖ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ತಪ್ಪಿಸಿಕೊಂಡವನ ಮುಖದ ಹಾಗಿತ್ತು. ಈಗ ಇಪ್ಪತ್ತು ವರ್ಷ ಇಳಿದಿತ್ತು. ಹೇಳಿದರೆ ಸದ್ದು ನಿಲ್ಲುತ್ತದೆ. ನಾನು ತೆರೆದ ಬಾಯಿಗೆ ಒಂದು ಆಕಳಿಕೆ ತರಿಸಿಕೊಂಡು ಮನೆಗೆ ಬಂದೆ. ನನ್ನ ಮೊದಲ ತಪ್ಪು ಇದು.

ಮಧ್ಯಾಹ್ನದೊಳಗೆ ಬೀದಿಯ ನಾಲ್ವರು ನೇಕಾರರು ಸೊಸೈಟಿಗೆ ನುಗ್ಗಿದರು. ಚಿನ್ನರಾಜನಿಗೆ ಮಾತ್ರ ಆರ್ಡರು ಕೊಟ್ಟಿದ್ದೀರಿ, ನಾವೇನು ಹುಲ್ಲು ತಿಂತೀವಾ ಎಂದು ಮೇಜು ಗುದ್ದಿದರು. ಸುಬ್ಬರಾಯನ್ ಅವರಿಗೆ ಮೇಲಿನಿಂದ ಕೆಳಗಿನವರೆಗೆ ಬೆವರು. ತನ್ನ ಸೊಸೈಟಿಯಿಂದ ತನಗೇ ತಿಳಿಯದ ಹಾಗೆ ಆರ್ಡರು! ಆದರೆ 'ಗೊತ್ತಿಲ್ಲ' ಎಂಬ ಮಾತು ಅವರಿಗೆ ಬಾರದಲ್ಲ. ಕನ್ನಡಕ ಒರೆಸಿ ಗಂಭೀರವಾಗಿ, "ಅದು ಮೇಲಿಡದಿಂದ ಬಂದ ಸ್ಯಾಂಪಲ್ಲು. ರಹಸ್ಯ. ಸತ್ತ ಹಾಕಬೇಡಿ," ಎಂದರು. ಮೇಲಿಡ ಎಂದರೆ ಮೇಲಿನ ಆಫೀಸು, ಸತ್ತ ಎಂದರೆ ಗಲಾಟೆ; ಗಲಾಟೆ ಮಾಡಬೇಡಿ ಎನ್ನುವುದೊಂದೇ ಅವರು ನಿಜವಾಗಿ ಬೇಡಿಕೊಂಡ ಮಾತು.

ಸಂಜೆ ತಾವೇ ಪರೀಕ್ಷೆಗೆ ಬಂದರು. ಗೋಡೆಯ ಮೇಲಿನ ರಾಜ ದಂಪತಿಯನ್ನು ನೋಡಿ ಕನ್ನಡಕವನ್ನು ಇನ್ನೊಮ್ಮೆ ಒರೆಸಿಕೊಂಡರು.

"ಕಳಿಸಿದ್ದು ಸರಿಯಾಗಿ ಬಂದೈತಾ ಸಾರ್?" ಚಿನ್ನರಾಜಣ್ಣ ಕೇಳಿದರು.

"ಹ್ಞಾ... ಇದೇ. ಇದೇನೇ." ಸುಬ್ಬರಾಯನ್ ಗೋಡೆಯ ಹತ್ತಿರ ಹೋಗಿ ರಾಜನ ಗಡ್ಡ ಮುಟ್ಟಿದರು. "ಎಕ್ಸ್‌ಪೋರ್ಟ್ ಕ್ವಾಲಿಟಿ. ಅದಕ್ಕೇ ಫಾರಿನ್ ಮುಖ ಹಾಕ್ಸಿದ್ವಿ."

"ನಂಗೂ ಅಂಗೇ ಅನ್ನಿಸ್ತು ಸಾರ್. ನಮ್ ಕಡೆ ಯಾರೂ ಅಂಗೆ ಗಡ್ಡ ಬಿಡಲ್ಲ."

ಹೊರಗೆ ಬಂದು ಸುಬ್ಬರಾಯನ್ ನನ್ನ ತೋಳು ಹಿಡಿದರು. "ಧನಶೇಖರ್, ನಿಮಗೇನಾದ್ರೂ ಗೊತ್ತಾ?" ಎಂದು ಪಿಸುಗುಟ್ಟಿದರು. ಅವರನ್ನೇ ನೋಡಿ ಕಲಿತವನಂತೆ ನಾನು ಕಂಡಿಪ್ಪಾ ಎಂದು ತಲೆಯಾಡಿಸಿದೆ. ಅದು ಯಾವ ಪ್ರಶ್ನೆಗೆ ಯಾವ ಉತ್ತರ ಎಂದು ಇಬ್ಬರಿಗೂ ತಿಳಿಯಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನಾನು ಹಾಯಾಗಿರುತ್ತಿದ್ದೆ. ಆದರೆ ಧರ್ಮಪುರಿಯಲ್ಲಿ ಸತ್ಯಾ ಮೊಬೈಲು ನೋಡುತ್ತಿದ್ದಳು. ಅಪ್ಪನಿಗೆ ಫೋನು ಮಾಡಿದಳು.

"ಅಪ್ಪಾ, ಪಾರ್ಸೆಲ್ ಒಂದು ಬಂದಿರ್ಬೇಕಲ್ಲ?"

"ಪಾರ್ಸಲ್ ಏನೂ ಬಂದಿಲ್ಲಮ್ಮ. ಸೊಸೈಟಿಯಿಂದ ಗ್ರಾಫ್ ಬಂತು, ಅಷ್ಟೇಯ."

"ಡೆಲಿವರಿ ಆಯ್ತು ಅಂತ ಕಾಟ್ಟುದಪ್ಪಾ! ಯಾರೋ ಏಮಾತ್ತಿಟ್ಟಾಂಗ!" ಮೊಬೈಲು ಹಾಗೆ ತೋರಿಸುತ್ತಿದೆ, ಯಾರೋ ಮೋಸ ಮಾಡಿಬಿಟ್ಟರು ಎಂದು ತೀರ್ಮಾನಿಸಿ ಅವಳು ಆಗಲೇ ಕಂಪ್ಲೇಂಟ್ ಕೊಟ್ಟಳು.

ಆಡಿ ಮುಗಿಯಲು ಮೂರು ದಿನ ಇರುವಾಗ ಪ್ರೇಮ್‌ಕುಮಾರ್ ಅಳುಮುಖ ಹೊತ್ತು ಬಂದ. ಪಾರ್ಸೆಲ್ ಕೊಡದೆ ಕೊಟ್ಟೆ ಎಂದು ಬರೆದಿದ್ದಾನೆಂದು ಅವನ ಮೇಲೆ ದೂರು; ಸಹಿಯೂ ಅವನೇ ಗೀಚಿದ್ದಂತೆ. ಸರಿಹೋಗದಿದ್ದರೆ ಕೆಲಸದಿಂದ ತೆಗೆಯುತ್ತಾರಂತೆ. ನನ್ನ ಒಂದು ಆಕಳಿಕೆಗೆ ಇವನ ಅನ್ನ ಹೋಗುವುದೇ? ಇನ್ನು ಮುಚ್ಚಿಡಲಾಗದು ಎಂದು ಅವನ ಹಿಂದೆಯೇ ಅಣ್ಣನ ಮನೆಗೆ ನಡೆದೆ.

ಪ್ರೇಮ್‌ಕುಮಾರ್ ಬಾಗಿಲಲ್ಲೇ ನಿಂತುಬಿಟ್ಟ. ಮೂಲೆಯಲ್ಲಿ ತಾನು ಕೊಟ್ಟ ಕೊಳವೆ, ಅದರ ತುಂಬ ಕಂಡಿಕೆಗಳು. ಗೋಡೆಯ ಮೇಲೆ ಚಿತ್ರ. ಅರಿಸಿನ ಬಣ್ಣದ ಹಾಸಿನ ಮೇಲೆ ಕಡುಗೆಂಪು ಅಡ್ಡನೂಲಿನ ಹೊಕ್ಕಿನಲ್ಲಿ ರಾಜ ಸೊಂಟದವರೆಗೆ ಎದ್ದಿದ್ದ. ಅವನಿಗೂ ಎಲ್ಲ ಅರ್ಥವಾಯಿತು.

"ಬಾರೋ ಪ್ರೇಮಾ! ಏನ್ ಇಷ್ಟು ದೂರ?" ಅಣ್ಣ ಕರೆದರು. "ಕೈ ನೋಯ್ತೈತೆ, ಒಂದ್ ನಾಕು ಎಳೆ ಆಡ್ಸೋ."

ಅವನು ಮೂಟೆ ಇಳಿಸಿ, ಚಪ್ಪಲಿ ಬಿಟ್ಟು, ಗುಳಿಯೊಳಗೆ ಕಾಲಿಟ್ಟ. ಟಕ್ಕಟಕ್ಕ. ನಾಲ್ಕು ಎಳೆಯಲ್ಲ, ನಲವತ್ತು ಎಳೆ ಆಡಿಸಿದ. ಹೆಲ್ಮೆಟ್ಟು ತಲೆಯ ಮೇಲೇ ಇತ್ತು. ಎದ್ದು ಬಂದಾಗ ಅವನ ಅಳುಮುಖ ಎಲ್ಲಿ ಹೋಯಿತೋ.

"ಅಣ್ಣಾ, ಇದು ಯಾವಾಗ ಮುಗೀತೈತೆ?"

"ಆವಣಿ ಒಂದಕ್ಕೆ. ಮುಗೀಲೇಬೇಕು. ಇದು ಮುಗ್ಸಿ ಕೊಟ್ರೆ ಮುಂದಿನ ಆರ್ಡರು ಬರ್ತೈತೆ, ಪೂಂಗೊಡಿ ಗುಂಡಿ ಮುಚ್ಚಕ್ಕಾಗಲ್ಲ."

ಬೀದಿಗೆ ಬಂದ ಮೇಲೆ ಪ್ರೇಮ್‌ಕುಮಾರ್ ನನ್ನತ್ತ ತಿರುಗಿ, "ಮೂರ್ ದಿನ ತಾನೆ? ಉಷಾರಿಲ್ಲ ಅಂತ ಲೀವ್ ಹಾಕ್ತೀನಿ. ನೀವ್ ಬಾಯ್ ಬಿಡ್ಬೇಡಿ," ಎಂದು ಸ್ಕೂಟರು ಹತ್ತಿದ. ಅವನ ದೊಡ್ಡತನದ ಮುಂದೆ ನನ್ನದೇನೂ ನಡೆಯಲಿಲ್ಲ.

ಆವಣಿ ಒಂದು. ಬೆಳಗ್ಗೆ ಹತ್ತಕ್ಕೆ ಆಟೋ ಬಂದು ನಿಂತಿತು. ಪೂಂಗೊಡಿ ಅಕ್ಕ ಇಳಿದರು, ಹಿಂದೆ ಸತ್ಯಾ. ಎದುರಿನಿಂದ ಗೋವಿಂದರಾಜು ಕರಣೆ ಬಾಂಡ್ಲಿ ಹಿಡಿದು ಬಂದ. ಸ್ಯಾಂಪಲ್ಲು ಮುಗಿಯುವುದನ್ನು ನೋಡಲು ಸುಬ್ಬರಾಯನ್, ಅವರನ್ನು ಹಿಂಬಾಲಿಸಿ ಆ ನಾಲ್ವರು. ರಜೆಯಲ್ಲಿ ಮಲಗಿರಬೇಕಾದ ಪ್ರೇಮ್‌ಕುಮಾರ್ ನಮ್ಮ ಜಗಲಿಯ ಮೇಲೆ ಕೂತಿದ್ದ. ಎಲ್ಲರೂ ಒಟ್ಟಿಗೇ ಆ ಬಾಗಿಲಿಗೆ ನುಗ್ಗಿದೆವು.

ಸತ್ಯಾ ಒಂದು ಕಿರುಚು ಕಿರುಚಿದಳು. "ಅಪ್ಪಾ! ಅಯ್ಯಯ್ಯೋ, ಇದೇ ಅಪ್ಪಾ ನನ್ ಪಾರ್ಸೆಲ್ಲು! ಅಮ್ಮನ್ಗೆ ಅಂತ ತರ್ಸಿದ ಈಜಿಪ್ಟ್ ರಾಜ! ಮೂಗ್ ಮೇಲೆಲ್ಲ ನಂಬರ್ ಬರ್ದಿದೀಯಲ್ಲಪ್ಪಾ!"

ಲಾಳಿ ನಿಂತಿತು.

ಅಣ್ಣ ಮಗಳನ್ನು ನೋಡಿದರು, ಆಮೇಲೆ ಸುಬ್ಬರಾಯನ್ ಅವರನ್ನು. "ಸಾರ್, ಗ್ರಾಫು ನೀವ್ ಕಳ್ಸಿದ್ದಲ್ವಾ?"

ಸುಬ್ಬರಾಯನ್ ಕನ್ನಡಕ ತೆಗೆದರು. ಬದುಕಿನಲ್ಲಿ ಮೊದಲ ಸಲ ಆ ಮಾತು ಬಂತು. "ಇಲ್ಲ ಚಿನ್ನರಾಜು."

"ನಂಗೂ ಗೊತ್ತಿತ್ತು ಅಣ್ಣಾ," ಎಂದೆ. ತಡೆಯಲಾಗಲಿಲ್ಲ.

"ಗೊತ್ತಿತ್ತಾ? ಮತ್ತೆ ಯಾಕ್ ಏಳ್ಲಿಲ್ಲ ಶೇಖರಾ?"

"ಏಳಿದ್ರೆ ಸದ್ದು ನಿಂತೋಗ್ತಿತ್ತು."

ಅಣ್ಣ ಮಗ್ಗದ ಕಡೆ ಬಗ್ಗಿದರು. ಕಾಲು ಗುಳಿಯಲ್ಲೇ ಇತ್ತು. ಕೈ ಮಾತ್ರ ನೇಯ್ದ ಬಟ್ಟೆಯ ಮೇಲೆ ಸುಮ್ಮನೆ ಆಡುತ್ತಿತ್ತು. "ಆ ಚೌಕ ಯಾಕಮ್ಮ ಮತ್ತೆ?" ಎಂದು ಮಗಳನ್ನು ಮೆಲ್ಲಗೆ ಕೇಳಿದರು.

"ಆ ಕಾಲ್ದೋರು ಚೌಕ ಹಾಕ್ಕೊಂಡೇ ಬರೀತಿದ್ರಂತಪ್ಪಾ. ಮೂರ್ ಸಾವಿರ ವರ್ಷದ ಇಂದೆ."

"ಅವಾಗ್ಲೇ ಗ್ರಾಫ್ ಇತ್ತಾ!" ಅಷ್ಟು ದುಃಖದಲ್ಲೂ ಅವರ ಕಣ್ಣು ಒಮ್ಮೆ ಮಿನುಗಿತು. ಮತ್ತೆ ಆರಿತು. ಗೋವಿಂದರಾಜುವಿನ ಕಡೆ ತಿರುಗಿ, "ಆರ್ಡರಿಲ್ಲಪ್ಪ. ನಿನ್ ಕೆಲ್ಸ ನೋಡು," ಎಂದು ಗುಳಿಯಿಂದ ಕಾಲು ಎತ್ತಲು ಹೋದರು.

ಚಿತ್ರ ಹಾಳಾಯಿತೆಂದು ಪೂಂಗೊಡಿ ಅಕ್ಕ ಕೂಗಾಡುತ್ತಾರೆಂದು ನಾವೆಲ್ಲ ಕಾಯುತ್ತಿದ್ದೆವು. ಅವರು ಗೋಡೆಯ ಕಡೆ ನೋಡಲೇ ಇಲ್ಲ. ಮಗ್ಗದ ಮೇಲೆ ಬಗ್ಗಿ ಬಟ್ಟೆಯನ್ನೇ ನೋಡುತ್ತಿದ್ದರು.

"ಇವ್ಳ ಮೂಗಿನ್ ಮೇಲೆ ಇದೇನ್ರೀ?"

"ಮೂಗುತಿ." ಅಣ್ಣ ತಪ್ಪು ಮಾಡಿದವರಂತೆ ಹೇಳಿದರು. "ಗ್ರಾಫಲ್ಲಿ ಮೂಗು ಬೋಳಾಗಿತ್ತು. ಬರ್ದೋನು ಮರ್ತವ್ನೆ ಅಂದ್ಕೊಂಡೆ. ನಾಕೇ ಎಳೆ, ನಾನೇ ಸೇರಿಸ್ದೆ."

"ಬಲಗಡೆ ಹಾಕಿದೀರಾ."

"ನೀನು ಕಂಡಿಕೆ ಕೊಡಕ್ ಬಂದಾಗ ನಂಗೆ ನಿನ್ ಬಲಗಡೆ ಮೂಗುತಿ ತಾನೆ ಕಾಣೋದು."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡರು. ಬಸ್ಸಿನ ಧೂಳು ಎಂದುಕೊಳ್ಳಬೇಕು.

ಸುಬ್ಬರಾಯನ್ ಸಂದರ್ಭ ಉಳಿಸಲು ಗಂಟಲು ಸರಿಮಾಡಿಕೊಂಡು, "ಈ ಪೀಸು ಸೊಸೈಟೀನೇ ತಗೊಳುತ್ತೆ, ಶೋರೂಮಲ್ಲಿ..." ಎಂದು ಶುರು ಮಾಡಿದರು.

"ಅದು ಕೊಡಕ್ಕಲ್ಲ ಸಾರ್. ನಮ್ ಆಲ್‌ಗೆ," ಎಂದರು ಅಕ್ಕ.

"ಅಂಗಾರೆ ನಮ್ ಆರ್ಡರು?" ಹಿಂದಿನಿಂದ ಆ ನಾಲ್ವರು ಕೇಳಿದರು.

"ಕಂಡಿಪ್ಪಾ! ಗ್ರಾಫ್ ಕಳಿಸ್ತೀನಿ," ಎಂದು ಸುಬ್ಬರಾಯನ್ ಚಪ್ಪಲಿ ಹುಡುಕತೊಡಗಿದರು. ನಾಲ್ವರೂ ಅವರ ಬೆನ್ನು ಬಿಡಲಿಲ್ಲ. ಸತ್ಯಾ ಜಗಲಿಯಲ್ಲಿದ್ದ ಪ್ರೇಮ್‌ಕುಮಾರನನ್ನು ಕಂಡು ನಾಲಿಗೆ ಕಚ್ಚಿಕೊಂಡು, ಪಾರ್ಸೆಲ್ ಸಿಕ್ಕಿತು ಎಂದು ಅವನ ಎದುರಿಗೇ ಕಂಪ್ಲೇಂಟ್ ವಾಪಸ್ ತೆಗೆದುಕೊಂಡಳು.

"ಅಮ್ಮಾ, ಗುಂಡಿ?" ಗೋವಿಂದರಾಜು ಬಾಂಡ್ಲಿ ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಸುತ್ತ ಟೈಲ್ಸ್ ಹಾಕು. ಗುಂಡಿ ಇರ್ಲಿ."

"ಸೋಫಾ ಎಲ್ಲಿ ಹಾಕ್ತೀರಾ?"

"ಅದ್ರ ಎದುರ್ಗೇ ಹಾಕೋಣ. ಬಂದೋರು ಕೂತ್ಕೊಂಡು ಇವ್ರು ನೇಯೋದು ನೋಡ್ಲಿ. ಅವ್ರಿಗೆ ಬೇರೆ ಏನ್ ಕೆಲ್ಸ?" ಎಂದು ಗದರಿಸಿ, ಅಕ್ಕ ಗಂಡನ ಕಡೆ ತಿರುಗಿದರು. "ಅಂಚು ನಾಕು ಬೆರಳು ಬಾಕಿ ಐತಲ್ಲ. ಯಾಕ್ ಕಾಲ್ ಎತ್ತಿದ್ರಿ?"

ಅಣ್ಣ ಕಾಲು ಮತ್ತೆ ಇಳಿಬಿಟ್ಟರು. ಲಾಳಿ ನೋಡಿದರು. ನೂಲು ಮುಗಿದಿತ್ತು. ಅಕ್ಕ ರಟ್ಟಿನ ಕೊಳವೆಯೊಳಗೆ ಕೈ ಹಾಕಿ ಒಂದು ಕಂಡಿಕೆ ತೆಗೆದು, ನಿಂತಲ್ಲಿಂದಲೇ ಕೈ ಚಾಚಿದರು. ಬಾಗಿಲಲ್ಲಿದ್ದ ನನಗೆ ಇಬ್ಬರೂ ಪಕ್ಕದಿಂದ ಕಾಣುತ್ತಿದ್ದರು, ಒಬ್ಬೊಬ್ಬರದು ಒಂದೊಂದೇ ಕಣ್ಣು. ಮೇಲಿನಿಂದ ದಾರಗಳು ಇಳಿದಿದ್ದವು. ನಾನು ಗೋಡೆಯ ಚಿತ್ರವನ್ನು ಇನ್ನೊಮ್ಮೆ ನೋಡಿದೆ. ಅಣ್ಣ ಹೇಳಿದ್ದು ಸರಿ, ಅವರು ನೇಕಾರರೇ.

ಮನೆಗೆ ಬಂದಾಗ ರಮಾ ನಮ್ಮ ಚಿನ್ನದ ಮುಖದವನ ಮುಂದೆ ನಿಂತಿದ್ದಳು. ಎದುರಿನಿಂದ ಟಕ್ಕಟಕ್ಕ ಕೇಳುತ್ತಿತ್ತು.

"ಪಾವಂ ರೀ, ಪಾಪ," ಎಂದಳು. "ಇವ್ನಿಗೆ ಕಂಡಿಕೆ ಕೊಡೋರು ಯಾರೂ ಇಲ್ಲ."